ಎಚ್-4 ವೀಸಾ: ನಿಮ್ಮ ಡಿಎಸ್-160 ಫಾರ್ಮ್ ಏಜೆಂಟ್ ಕೈಗೆ ಬಿಡಬೇಡಿ

ಮದುವೆಯಾಗಿ ಗಂಡನ ಹತ್ತಿರ ಅಮೆರಿಕಕ್ಕೆ ಹೊರಟಿರುವವರು, ಮಗಳನ್ನು ಕಳಿಸಲು ಓಡಾಡುತ್ತಿರುವ ಅಪ್ಪ ಅಮ್ಮಂದಿರು, ದಯವಿಟ್ಟು ಇದನ್ನು ಪೂರ್ತಿ ಓದಿ. ಅಮೆರಿಕದ ವೀಸಾಕ್ಕೆ ಆನ್‌ಲೈನ್‌ನಲ್ಲಿ ತುಂಬುವ ಅರ್ಜಿಯೇ ಡಿಎಸ್-160. ಒಬ್ಬ ಏಜೆಂಟ್ ನನ್ನ ಆ ಫಾರ್ಮ್‌ನಲ್ಲಿ ಬರೆದ ಒಂದು ಸುಳ್ಳಿನಿಂದ ನಾನು ಮೂರು ತಿಂಗಳು ನಿದ್ದೆಗೆಟ್ಟೆ. ಕೆಲಸ ಹೋಯಿತು, ದುಡ್ಡು ಹೋಯಿತು. ಅದಕ್ಕಿಂತ ಜಾಸ್ತಿ, ಅಪ್ಪ ಆ ಮೂರು ತಿಂಗಳಲ್ಲಿ ಸೊರಗಿಹೋದರು.

2025ರ ಫೆಬ್ರವರಿಯಲ್ಲಿ ದಾವಣಗೆರೆಯಲ್ಲಿ ನಮ್ಮ ಮದುವೆ ಆಯಿತು. ನನ್ನ ಗಂಡ ಡಲ್ಲಾಸ್ ಹತ್ತಿರ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಕೆಲಸ ಮಾಡುತ್ತಾರೆ. ಮದುವೆಯಾಗಿ ಎರಡು ವಾರಕ್ಕೆ ಅವರು ವಾಪಸ್ ಹೋದರು. ಅವರ ಹಿಂದೆ ನಾನು, ಎಚ್-1ಬಿಯವರ ಮನೆಯವರಿಗೆ ಕೊಡುವ ಎಚ್-4 ವೀಸಾ ಮಾಡಿಸಿಕೊಂಡು ಹೋಗುವುದು ಅಂತ ಮಾತಾಗಿತ್ತು. "ಫಾರ್ಮ್ ನಾವಿಬ್ಬರೇ ಕೂತು ತುಂಬೋಣ" ಅಂತ ಅವರು ಹೇಳಿದ್ದರು. ಆದರೆ ನನಗೆ ಕಾಲೇಜಿನಲ್ಲಿ ಪಾಠ, ಪರೀಕ್ಷೆ. ಅವರಿಗೆ ಅಲ್ಲಿ ಹಗಲಾದಾಗ ನಮಗೆ ರಾತ್ರಿ. ಅಷ್ಟರಲ್ಲಿ ನೆಂಟರೊಬ್ಬರು ಊರಿನ ಒಬ್ಬ ವೀಸಾ ಏಜೆಂಟ್ ಬಗ್ಗೆ ಹೇಳಿದರು. ಎಷ್ಟೋ ಜನರನ್ನು ಕಳಿಸಿದ್ದಾರೆ, ಒಂದೂ ತಪ್ಪಾಗಿಲ್ಲ ಅಂದರು. ಅಪ್ಪ 12 ಸಾವಿರ ಕೊಟ್ಟರು. ವೀಸಾ ಶುಲ್ಕ 205 ಡಾಲರ್ ಬೇರೆ.

ಅವರನ್ನು ನಾನು ನಂಬಿದ್ದು ಸುಮ್ನೆ ಅಲ್ಲ. ನಮ್ಮ ಕಡೆ ತುಂಬಾ ಜನರಿಗಿರುವ ತೊಂದರೆಯೇ ನನಗೂ ಇತ್ತು. ಪಾಸ್‌ಪೋರ್ಟ್‌ನಲ್ಲಿ ನನ್ನದು ಒಂದೇ ಹೆಸರು. ಆಧಾರ್‌ನಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಇದೆ, ಮದುವೆ ನೋಂದಣಿ ಪತ್ರದಲ್ಲಿ ಅದೇ ಇನಿಷಿಯಲ್ ಬಿಡಿಸಿ ಬರೆದಿದೆ. ಒಂದೇ ಹೆಸರಿದ್ದರೆ ಆ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಬೇಕು, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಅಂತ ಬರೆಯಬೇಕು. ಇದು ಆ ಏಜೆಂಟ್‌ಗೆ ಗೊತ್ತಿತ್ತು. ನಾನು ಕೇಳುವ ಮೊದಲೇ ಹೇಳಿದರು. ಇಷ್ಟು ತಿಳಿದವರು ಉಳಿದದ್ದನ್ನೂ ಸರಿಯಾಗೇ ಮಾಡುತ್ತಾರೆ ಅಂದುಕೊಂಡೆ.

ನಾನು ಅವರಿಗೆ ಏನನ್ನೂ ಮುಚ್ಚಿಡಲಿಲ್ಲ. 2017ರಲ್ಲಿ ಎಂಎಸ್ ಓದಲು ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಿದ್ದೆ, ಚೆನ್ನೈನ ಅಮೆರಿಕ ಕಾನ್ಸುಲೇಟ್‌ನಲ್ಲೇ ಸಂದರ್ಶನ ಆಗಿತ್ತು, ಅವರ ವೀಸಾ ಕಾನೂನಿನ 214(ಬಿ) ಕಲಂ ಹೇಳಿ ನಿರಾಕರಿಸಿದ್ದರು. ಇದನ್ನು ಒಂದು ಹಾಳೆಯಲ್ಲಿ ಬರೆದೇ ಕೊಟ್ಟೆ. "ಆಯ್ತು ಮೇಡಂ, ನಾನು ನೋಡ್ಕೋತೀನಿ" ಅಂದರು.

ಆಮೇಲೆ ಬೆಂಗಳೂರಿನ ಕಥೆ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು, ಪೇಪರ್‌ನಲ್ಲೆಲ್ಲ ಬಂದಿತ್ತು. ಅದನ್ನೇ ಹಿಡಿದುಕೊಂಡು, "ಚೆನ್ನೈಗೆ ಹೋಗೋದೇ ಬೇಡ ಸರ್, ಬೆಂಗಳೂರಲ್ಲೇ ಸ್ಲಾಟ್ ಮಾಡಿಸ್ತೀನಿ, ಐದು ಸಾವಿರ ಜಾಸ್ತಿ ಆಗುತ್ತೆ" ಅಂತ ಅಪ್ಪನಿಗೆ ಹೇಳಿದರು. ಉದ್ಘಾಟನೆ ಆಗಿದ್ದು ನಿಜ. ಆದರೆ ವೀಸಾ ಕೆಲಸ ಆಗ ಅಲ್ಲಿ ಶುರುವಾಗಿರಲಿಲ್ಲ. ಅಪ್ಪನಿಗೆ ಅದು ಹೇಗೆ ಗೊತ್ತಾಗಬೇಕು? ದುಡ್ಡು ಕೊಟ್ಟರು. ಒಂದು ತಿಂಗಳಾದ ಮೇಲೆ "ಬೆಂಗಳೂರು ಕ್ಯಾನ್ಸಲ್ ಆಯ್ತು" ಅಂತ ಚೆನ್ನೈ ದಿನಾಂಕ ಕೊಟ್ಟರು. ಆ ಐದು ಸಾವಿರ ವಾಪಸ್ ಬರಲಿಲ್ಲ. ಅವತ್ತೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಜೂನ್‌ನಲ್ಲಿ ಸಂದರ್ಶನ. ಹಿಂದಿನ ದಿನ ಬೆರಳಚ್ಚು, ಫೋಟೊ. ಅದನ್ನು ಮುಗಿಸಿ ನಾನು, ಅಪ್ಪ ಲಾಡ್ಜ್‌ಗೆ ಬಂದು ಕಾಗದಪತ್ರ ಜೋಡಿಸುತ್ತಿದ್ದೆವು. ಗಂಡನ ಎಚ್-1ಬಿ ಅನುಮೋದನೆ ಪತ್ರ ಐ-797ರ ಪ್ರತಿ, ಅವರ ಸಂಬಳದ ಚೀಟಿಗಳು, ವರ್ಷದ ಸಂಬಳ, ತೆರಿಗೆ ತೋರಿಸುವ ಡಬ್ಲ್ಯೂ-2, ಮದುವೆ ನೋಂದಣಿ ಪತ್ರ, ಮದುವೆ ಫೋಟೊಗಳು. ರಾತ್ರಿ ಒಂಬತ್ತಕ್ಕೆ ಏಜೆಂಟ್ ಫೋನ್ ಬಂತು.

"ಮೇಡಂ, ಒಂದು ಮಾತು. ಹಳೇ ರಿಜೆಕ್ಷನ್ ಬಗ್ಗೆ ಏನಾದ್ರೂ ಕೇಳಿದ್ರೆ ಇಲ್ಲ ಅಂದ್ಬಿಡಿ. ಫಾರ್ಮ್‌ನಲ್ಲೂ ಇಲ್ಲ ಅಂತಾನೇ ಹಾಕಿದೀನಿ. ಎಂಟು ವರ್ಷ ಆಯ್ತಲ್ಲ, ಅವರ ಹತ್ರ ಇರಲ್ಲ."

ನನಗೆ ಕೈಕಾಲು ತಣ್ಣಗಾಯಿತು. 2017ರಲ್ಲೂ ನಾನು ಹತ್ತು ಬೆರಳ ಗುರುತು ಕೊಟ್ಟಿದ್ದೆ. ಅವರ ಹತ್ತಿರ ಇಲ್ಲದೆ ಎಲ್ಲಿ ಹೋಗುತ್ತೆ? ಫಾರ್ಮ್ ನೋಡೋಣ ಅಂದರೆ ನನ್ನ ಹತ್ತಿರ ಇದ್ದದ್ದು ಬಾರ್‌ಕೋಡ್ ಇರುವ ದೃಢೀಕರಣ ಪುಟ ಮಾತ್ರ. ಅದರಲ್ಲಿ ಹೆಸರು, ಫೋಟೊ, ಅರ್ಜಿ ಸಂಖ್ಯೆ ಇರುತ್ತೆ. ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟಿದ್ದೇವೆ ಅನ್ನುವುದು ಇರುವುದಿಲ್ಲ. ಫಾರ್ಮ್ ತೆರೆಯಲು ಅರ್ಜಿ ಸಂಖ್ಯೆಯ ಜೊತೆ ಭದ್ರತಾ ಪ್ರಶ್ನೆಯ ಉತ್ತರ ಬೇಕು. ಅದು ಏಜೆಂಟ್ ಹತ್ತಿರ. ಅಪಾಯಿಂಟ್‌ಮೆಂಟ್ ಖಾತೆಯ ಇಮೇಲ್, ಪಾಸ್‌ವರ್ಡ್ ಕೂಡ ಅವರದೇ. ಕೇಳಿದರೆ "ಅದನ್ನೆಲ್ಲ ಕೊಡೋಕಾಗಲ್ಲ, ಕಂಪ್ಯೂಟರ್ ಆಫೀಸಲ್ಲಿದೆ" ಅಂದು ಫೋನಿಟ್ಟರು. ನನ್ನ ಹೆಸರಿನ ಅರ್ಜಿ, ನನ್ನ ಸಹಿ ಇರುವ ಅರ್ಜಿ, ಅದರಲ್ಲಿ ಏನಿದೆ ಅಂತ ನೋಡಲು ನನಗೇ ಆಗಲಿಲ್ಲ.

ಗಂಡನಿಗೆ ಫೋನ್ ಮಾಡಿದೆ. ಅವರು ಮೀಟಿಂಗ್ ಬಿಟ್ಟು ಬಂದರು. "ರೀ, ಏನು ಮಾಡಲಿ?" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನೀನು ನಿಜ ಹೇಳು. ಆಮೇಲೆ ಏನಾಗುತ್ತೋ ಇಬ್ಬರೂ ನೋಡಿಕೊಳ್ಳೋಣ" ಅಂದರು. ಆ ಮಾತು ಇಲ್ಲದಿದ್ದರೆ ಮರುದಿನ ಭಯಕ್ಕೆ ನಾನು ಏನು ಹೇಳುತ್ತಿದ್ದೆನೋ, ನಿಜವಾಗಿ ಗೊತ್ತಿಲ್ಲ.

ಜೆಮಿನಿ ಫ್ಲೈಓವರ್ ಪಕ್ಕ, ಅಣ್ಣಾ ಸಾಲೈನಲ್ಲಿ ಕಾನ್ಸುಲೇಟ್. ಮೊಬೈಲ್ ಒಳಗೆ ಬಿಡುವುದಿಲ್ಲ. ಅಪ್ಪನನ್ನೂ ಬಿಡಲಿಲ್ಲ, ಅರ್ಜಿದಾರರು ಮಾತ್ರ ಒಳಗೆ. ನನ್ನ ಫೋನ್ ಹಿಡಿದುಕೊಂಡು ಅಪ್ಪ ಆ ಬಿಸಿಲಲ್ಲಿ ರಸ್ತೆಯ ಆಚೆ ನಿಂತರು.

ಸಂದರ್ಶನ ಅಂದರೆ ಎದುರು ಬದುರು ಕೂತು ಮಾತಾಡುವುದಲ್ಲ. ಗಾಜಿನ ಆಚೆ ಅಧಿಕಾರಿ, ಈಚೆ ನಾವು ನಿಂತುಕೊಂಡೇ. ನನ್ನ ಮುಂದಿದ್ದವರದು ಎರಡೇ ನಿಮಿಷಕ್ಕೆ ಮುಗಿಯಿತು. ನನ್ನದೂ ಹಾಗೇ ಶುರುವಾಯಿತು. ಗಂಡ ಎಲ್ಲಿ ಕೆಲಸ ಮಾಡುತ್ತಾರೆ, ಏನು ಕೆಲಸ, ಮದುವೆ ಯಾವಾಗ ಆಯಿತು, ಹೇಗೆ ಪರಿಚಯ. ನಮ್ಮದು ಮನೆಯವರು ನೋಡಿ ಮಾಡಿದ ಮದುವೆ ಅಂದೆ. ನಕ್ಕರು. ಆಮೇಲೆ ಪರದೆ ನೋಡುತ್ತಾ ಕೇಳಿದರು: "ಈ ಮೊದಲು ನಿಮಗೆ ಅಮೆರಿಕದ ವೀಸಾ ನಿರಾಕರಿಸಿದ್ದರಾ?"

"ಹೌದು. 2017ರಲ್ಲಿ, ವಿದ್ಯಾರ್ಥಿ ವೀಸಾ."

"ಫಾರ್ಮ್‌ನಲ್ಲಿ ಇಲ್ಲ ಅಂತ ಇದೆಯಲ್ಲ?"

ಏಜೆಂಟ್ ತುಂಬಿದ್ದು, ಹಾಗೆ ಹಾಕಿದ್ದು ನನಗೆ ನಿನ್ನೆ ರಾತ್ರಿ ತಿಳಿಯಿತು ಅಂದೆ. ಅವರು ಇನ್ನೊಂದು ಕೇಳಿದರು. "ಈ ಫಾರ್ಮ್ ತುಂಬಲು ಯಾರಾದರೂ ಸಹಾಯ ಮಾಡಿದರಾ ಅನ್ನುವ ಪ್ರಶ್ನೆಗೂ ಇಲ್ಲ ಅಂತಲೇ ಇದೆ." ಅಂಥ ಪ್ರಶ್ನೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಫಾರ್ಮ್‌ನ ಕೊನೆಯಲ್ಲಿ ಸಹಿ ಮಾಡುವ ಜಾಗದಲ್ಲಿ ಅದು ಇದೆ. ಬೇರೆಯವರು ತುಂಬಿಕೊಟ್ಟರೂ ಸಹಿಯ ಗುಂಡಿ ಒತ್ತಬೇಕಾದದ್ದು ಅರ್ಜಿದಾರರೇ. ನನ್ನದನ್ನು ಒತ್ತಿದ್ದು ಏಜೆಂಟ್.

ಅಧಿಕಾರಿ ಬೈಯಲಿಲ್ಲ, ಗದರಲಿಲ್ಲ. ತುಂಬಾ ಹೊತ್ತು ಟೈಪ್ ಮಾಡಿದರು. ನಾನು ಹಿಡಿದುಕೊಂಡಿದ್ದ ಅಷ್ಟೂ ಕಾಗದದಲ್ಲಿ ಒಂದನ್ನೂ ಕೇಳಲಿಲ್ಲ. ಪಾಸ್‌ಪೋರ್ಟ್ ವಾಪಸ್ ಕೊಟ್ಟು, 221(ಜಿ) ಚೀಟಿ, ಅಂದರೆ ಇನ್ನೂ ದಾಖಲೆ ಬೇಕು ಅಂತ ಅರ್ಜಿಯನ್ನು ತಡೆಹಿಡಿಯುವ ಚೀಟಿ, ಕೈಗಿಟ್ಟರು. ಹೊಸದಾಗಿ ಸರಿಯಾದ ಡಿಎಸ್-160 ಸಲ್ಲಿಸಿ, ಏನಾಯಿತು ಅಂತ ಬರೆದು ಸಹಿ ಮಾಡಿ ಕಳಿಸಿ ಅಂದರು. ಹೊರಗೆ ಬಂದಾಗ ಅಪ್ಪ ದೂರದಿಂದಲೇ ನನ್ನ ಕೈಯಲ್ಲಿದ್ದ ಪಾಸ್‌ಪೋರ್ಟ್ ನೋಡಿದರು. ವೀಸಾ ಸಿಕ್ಕರೆ ಪಾಸ್‌ಪೋರ್ಟ್ ಒಳಗೇ ಇಟ್ಟುಕೊಳ್ಳುತ್ತಾರೆ ಅಂತ ಅಷ್ಟರಲ್ಲಿ ಅಕ್ಕಪಕ್ಕ ನಿಂತವರಿಂದ ಅವರಿಗೆ ಗೊತ್ತಾಗಿತ್ತು. "ಇರಲಿ ಬಿಡು ಪುಟ್ಟಿ, ಊಟ ಮಾಡೋಣ ಬಾ" ಅಂದರು. ಇಬ್ಬರಿಗೂ ಊಟ ಸೇರಲಿಲ್ಲ.

ಈಗ ನನ್ನ ಹೊಟ್ಟೆ ಉರಿಯುವ ವಿಷಯ ಹೇಳುತ್ತೇನೆ. ಆ ಸುಳ್ಳು ಬೇಕಾಗಿಯೇ ಇರಲಿಲ್ಲ! ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾ ಕೇಳುವವರು ತಾವು ವಾಪಸ್ ಬರುತ್ತೇವೆ ಅಂತ ಅಧಿಕಾರಿಗೆ ಮನವರಿಕೆ ಮಾಡಬೇಕು. 214(ಬಿ) ಅನ್ನುವುದು ಹೆಚ್ಚಾಗಿ ಅದೇ. ಎಚ್-1ಬಿಗೆ, ಮತ್ತು ಆ ವೀಸಾ ಇರುವವರ ಹೆಂಡತಿ, ಗಂಡ, ಮಕ್ಕಳಿಗೆ ಕೊಡುವ ಎಚ್-4ಕ್ಕೆ ಆ ನಿಯಮವೇ ಅನ್ವಯಿಸುವುದಿಲ್ಲ. ಎಂಟು ವರ್ಷದ ಹಿಂದೆ ಓದಲು ಹೋಗಲು ಬಿಡಲಿಲ್ಲ ಅನ್ನುವುದು ಈ ಅರ್ಜಿಗೆ ಅಡ್ಡಿಯೇ ಅಲ್ಲ. ಹೌದು ಅಂತ ಹಾಕಿ ಒಂದು ಸಾಲು ಕಾರಣ ಬರೆದಿದ್ದರೆ ನನ್ನದೂ ಎರಡು ನಿಮಿಷದ ಸಂದರ್ಶನ ಆಗುತ್ತಿತ್ತು. ಅದರ ಬದಲು, ಸುಳ್ಳು ಹೇಳಿ ವೀಸಾ ಪಡೆಯಲು ನೋಡಿದರು ಅಂತ ಕಾನ್ಸುಲೇಟ್‌ನವರು ತೀರ್ಮಾನಿಸಿದರೆ ಜೀವನಪೂರ್ತಿ ನಿಷೇಧ ಬೀಳಬಹುದು. ಅದರಿಂದ ವಿನಾಯಿತಿ ಕೇಳಲು ದಾರಿ ಇದ್ದರೂ ಸುಲಭ ಅಲ್ಲ. ಮದುವೆಯಾಗಿ ನಾಲ್ಕು ತಿಂಗಳಾದ ಹುಡುಗಿಗೆ ಇದರ ಅರ್ಥ ಏನು ಅಂತ ಯೋಚಿಸಿ.

ಊರಿಗೆ ಬಂದ ಮೇಲೆ ವೆಬ್‌ಸೈಟ್‌ನಲ್ಲಿ ಸ್ಥಿತಿ ನೋಡಿದರೆ 'ರೆಫ್ಯೂಸ್ಡ್' ಅಂತ ತೋರಿಸುತ್ತಿತ್ತು. ನಾನು ಕುಸಿದು ಕೂತೆ. 221(ಜಿ) ಬಾಕಿ ಇದ್ದಾಗಲೂ ಅಲ್ಲಿ ಅದೇ ಪದ ಬರುತ್ತೆ ಅಂತ ಗಂಡ ಹುಡುಕಿ ಹೇಳಿದರು. ನಿಮಗೂ ಹಾಗೆ ಬಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಚೀಟಿಯಲ್ಲಿ ಕೇಳಿದ್ದನ್ನು ಕೊಡಿ, ಕಾಯಿರಿ.

ಆ ಪದವನ್ನೇ ಏಜೆಂಟ್ ಅಪ್ಪನ ಮೇಲೆ ಬಳಸಿಕೊಂಡರು. ನನಗೆ ಗೊತ್ತಿಲ್ಲದ ಹಾಗೆ ಅಪ್ಪ ಅವರ ಹತ್ತಿರ ಹೋಗಿದ್ದರು. "ಮಗಳು ಅಲ್ಲಿ ನಿಜ ಹೇಳಿ ಕೆಡಿಸಿಕೊಂಡಳು, ಈಗ ಬ್ಯಾನ್ ಆಗುತ್ತೆ. ಒಳಗೆ ನಮ್ಮವರು ಇದಾರೆ, ಇಪ್ಪತ್ತು ಸಾವಿರ ಹಾಕಿ, ಸರಿ ಮಾಡಿಸ್ತೀನಿ" ಅಂದರಂತೆ. ಅಪ್ಪ ಹಾಕಿಬಿಟ್ಟರು. ಹತ್ತು ದಿನ ಆದ ಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಆಮೇಲೆ ನಾವು 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಆದರೆ ಆನ್‌ಲೈನ್ ಮೋಸದ ಆ ಸಹಾಯವಾಣಿಗೆ ದುಡ್ಡು ಹೋದ ತಕ್ಷಣ ಹೇಳಬೇಕು. ನಮಗೆ ತಡವಾಗಿತ್ತು. ದುಡ್ಡು ಬರಲಿಲ್ಲ. ಕಾನ್ಸುಲೇಟ್ ಒಳಗೆ ನಮ್ಮವರು ಇದ್ದಾರೆ ಅಂತ ಯಾರೇ ಹೇಳಲಿ, ಅಲ್ಲಿಗೇ ಎದ್ದು ಬನ್ನಿ. 2025ರ ಮಾರ್ಚ್‌ನಲ್ಲಿ ಬಾಟ್ (ತಾನೇ ಬುಕ್ ಮಾಡುವ ಸಾಫ್ಟ್‌ವೇರ್) ಹಾಕಿ ಹಿಡಿದಿಟ್ಟಿದ್ದ ಸುಮಾರು 2000 ಅಪಾಯಿಂಟ್‌ಮೆಂಟ್‌ಗಳನ್ನು ಭಾರತದ ಅಮೆರಿಕ ರಾಯಭಾರ ಕಚೇರಿ ರದ್ದು ಮಾಡಿ, ಆ ಖಾತೆಗಳಿಗೆ ಬುಕಿಂಗ್ ನಿಲ್ಲಿಸಿತ್ತು. ಏಜೆಂಟ್ ಖಾತೆಯಲ್ಲಿ ನಿಮ್ಮ ಸ್ಲಾಟ್ ಇದ್ದರೆ ಅವರ ತಪ್ಪಿಗೆ ನಿಮ್ಮ ದಿನಾಂಕವೂ ಹೋಗಬಹುದು, ಅಲ್ವಾ? ದಿನಾಂಕ ಬದಲಿಸುವುದಕ್ಕೂ 2025ರ ಜನವರಿ 1ರಿಂದ ಒಂದೇ ಅವಕಾಶ. ಆಮೇಲೆ ಮತ್ತೆ ಶುಲ್ಕ ಕಟ್ಟಬೇಕು.

ಹೊಸ ಫಾರ್ಮ್ ನಾನೇ ತುಂಬಿದೆ. ಗಂಡ ವಿಡಿಯೊ ಕಾಲ್‌ನಲ್ಲಿ ಇದ್ದರು. ಒಂದೇ ಸಂಜೆ ಸಾಕಾಯಿತು. ಇಪ್ಪತ್ತು ನಿಮಿಷ ಏನೂ ಮಾಡದೆ ಬಿಟ್ಟರೆ ಪುಟ ಮುಚ್ಚಿಹೋಗುತ್ತೆ, ಹಾಗಾಗಿ ಆಗಾಗ ಸೇವ್ ಮಾಡುತ್ತಾ ಹೋದೆ. ಕಷ್ಟ ಅಂತ ಇದ್ದದ್ದು ಅಷ್ಟೇ. ಅದನ್ನು ತುಂಬುವಾಗ ಇನ್ನೊಂದು ಅನುಮಾನ ಬಂತು. ಸೋಷಿಯಲ್ ಮೀಡಿಯಾ ಖಾತೆಗಳ ಬಗ್ಗೆ ಏಜೆಂಟ್ ನನ್ನನ್ನು ಕೇಳಿಯೇ ಇರಲಿಲ್ಲ! ಕಳೆದ ಐದು ವರ್ಷ ಬಳಸಿದ ಖಾತೆಗಳನ್ನು ಆ ಫಾರ್ಮ್ 2019ರಿಂದ ಕೇಳುತ್ತಿದೆ. ನನಗೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡೂ ಇವೆ. ಈಗ ಇದು ಇನ್ನೂ ದೊಡ್ಡ ವಿಷಯ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರೆಲ್ಲರ ಆನ್‌ಲೈನ್ ಖಾತೆಗಳನ್ನು ಪರಿಶೀಲಿಸುತ್ತಾರೆ, ಖಾತೆಗಳನ್ನು ಪಬ್ಲಿಕ್ ಮಾಡಿಡಿ ಅಂತಲೂ ಹೇಳಿದ್ದಾರೆ. ಆ ನಿಯಮ ಬಂದಾಗ ಡಿಸೆಂಬರ್‌ನಲ್ಲಿದ್ದ ಎಷ್ಟೋ ಜನರ ಸಂದರ್ಶನ 2026ಕ್ಕೆ ಮುಂದೆ ಹೋಯಿತು. ನಿಮ್ಮ ಖಾತೆ ಅಲ್ಲಿ ಕಾಣುತ್ತಿರುವಾಗ ಫಾರ್ಮ್‌ನಲ್ಲಿ ಏನೂ ಇಲ್ಲ ಅಂತಿದ್ದರೆ ಏನಾಗುತ್ತೆ ಹೇಳಿ.

ಸೆಪ್ಟೆಂಬರ್‌ನಲ್ಲಿ ಮತ್ತೆ ಕರೆದರು. ಬೇರೆ ಅಧಿಕಾರಿ. ನನ್ನ ಪತ್ರ ಓದಿದ್ದರು ಅನ್ನಿಸುತ್ತೆ, ಎರಡೇ ಪ್ರಶ್ನೆ ಕೇಳಿ ಪಾಸ್‌ಪೋರ್ಟ್ ಇಟ್ಟುಕೊಂಡರು. ವೀಸಾ ಬಂತು. ಆದರೆ "ವೀಸಾ ಪಕ್ಕಾ ಮೇಡಂ" ಅನ್ನುವ ಮಾತು ಕೇಳಿ ಜೂನ್ ಮೊದಲ ವಾರವೇ ಕಾಲೇಜಿಗೆ ರಾಜೀನಾಮೆ ಕೊಟ್ಟಿದ್ದೆ, ವಿಮಾನದ ಟಿಕೆಟ್ ಮಾಡಿಸಿದ್ದೆ. ಎರಡೂ ಹೋದವು. ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಕೆಲಸ ಬಿಡಬೇಡಿ, ಟಿಕೆಟ್ ಮಾಡಿಸಬೇಡಿ.

ಈಗಾಗಲೇ ಏಜೆಂಟ್‌ಗೆ ಕೊಟ್ಟಾಗಿದೆ, ಸಂದರ್ಶನ ಹತ್ತಿರ ಬಂತು ಅನ್ನುವವರು ಇವತ್ತೇ ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಅರ್ಜಿ ಸಂಖ್ಯೆ, ಭದ್ರತಾ ಪ್ರಶ್ನೆಯ ಉತ್ತರ, ಅಪಾಯಿಂಟ್‌ಮೆಂಟ್ ಖಾತೆಯ ಇಮೇಲ್, ಪಾಸ್‌ವರ್ಡ್ ಬರೆಸಿಕೊಳ್ಳಿ. ದೃಢೀಕರಣ ಪುಟ ಮಾತ್ರ ಅಲ್ಲ, ಉತ್ತರಗಳೆಲ್ಲ ಇರುವ ಪೂರ್ತಿ ಅರ್ಜಿಯ ಪ್ರಿಂಟ್ ಕೇಳಿ. ಮೊದಲು ನಿರಾಕರಣೆ ಆಗಿದೆಯಾ, ಸೋಷಿಯಲ್ ಮೀಡಿಯಾ, ಸಹಾಯ ಮಾಡಿದವರು ಯಾರು, ಈ ಮೂರನ್ನು ಮೊದಲು ನೋಡಿ. ತಪ್ಪಿದ್ದರೆ ಹೊಸ ಡಿಎಸ್-160 ನೀವೇ ತುಂಬಿ ಸಲ್ಲಿಸಿ, ಅದರ ಸಂಖ್ಯೆಯನ್ನು ಅಪಾಯಿಂಟ್‌ಮೆಂಟ್ ಖಾತೆಯಲ್ಲಿ ಬದಲಿಸಿ. ಎರಡು ಕಡೆ ಸಂಖ್ಯೆ ಬೇರೆ ಬೇರೆ ಇದ್ದರೆ ಬಾಗಿಲಿನಿಂದಲೇ ವಾಪಸ್ ಕಳಿಸಬಹುದು, ಅದಕ್ಕೆ ಇದನ್ನು ಕೊನೆಯ ರಾತ್ರಿಗೆ ಉಳಿಸಿಕೊಳ್ಳಬೇಡಿ. ಏಜೆಂಟ್ ವಿವರ ಕೊಡಲ್ಲ ಅಂದರೆ, ಕೊಡುವವರೆಗೆ ಅಲ್ಲಿಂದ ಏಳಬೇಡಿ.