ನಿತ್ಯಸಮೀಕರಣಗಳ ತಾಳೆಗೆ ಜಿಯೋಜೀಬ್ರಾ: ಒಂದು ವಿಮರ್ಶೆ

ಮಾರ್ಕಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಜಿಯೋಜೀಬ್ರಾ ತಂತ್ರಾಂಶವು ವಿದ್ಯಾರ್ಥಿಗಳಿಗೆ ಉಚಿತವಾಗಿ ದೊರೆಯುತ್ತದೆ. ತ್ರಿಕೋನಮಿತಿಯ ನಿತ್ಯಸಮೀಕರಣಗಳನ್ನು, ಅಂದರೆ ಎರಡೂ ಭಾಗಗಳಿಗೆ ಅರ್ಥವಿರುವ ಎಲ್ಲ ಕೋನಗಳಿಗೂ ನಿಜವಾಗುವ ಸಮೀಕರಣಗಳನ್ನು, ಪರಿಶೀಲಿಸಲು ಹತ್ತನೇ ತರಗತಿಯವರಿಗೂ ಪಿಯುಸಿಯವರಿಗೂ ನಾನು ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.

ಬಳಕೆ ಸರಳವಾಗಿದೆ. ಸಮೀಕರಣದ ಎಡಭಾಗವನ್ನು ಒಂದು ಸಾಲಿನಲ್ಲಿ, ಬಲಭಾಗವನ್ನು ಇನ್ನೊಂದರಲ್ಲಿ ಬರೆದರೆ ಎರಡು ನಕ್ಷೆಗಳು ಮೂಡುತ್ತವೆ. ಅವು ಎಲ್ಲಿಯಾದರೂ ಬೇರ್ಪಟ್ಟರೆ ಹೇಳಿಕೆ ತಪ್ಪು. ಸೈನ್ x ಎಂಬುದು 1 − ಕಾಸ್² x ಇದರ ವರ್ಗಮೂಲಕ್ಕೆ ಸಮ ಎಂದು ಬರೆದು ನೋಡಿ. ಸೊನ್ನೆಯಿಂದ 180 ಡಿಗ್ರಿಯವರೆಗೆ ಎರಡೂ ಗೆರೆಗಳು ಒಂದಾಗಿಯೇ ಸಾಗುತ್ತವೆ. ಅದನ್ನು ದಾಟಿದೊಡನೆ ಸೈನ್ ಅಕ್ಷದ ಕೆಳಗಿಳಿಯುತ್ತದೆ, ವರ್ಗಮೂಲ ಮಾತ್ರ ಮೇಲೆಯೇ ಉಳಿಯುತ್ತದೆ. ಲಘುಕೋನಗಳಲ್ಲೇ ಲೆಕ್ಕ ಮಾಡಿದವರಿಗೆ ಚಿಹ್ನೆಯ ಈ ಎಚ್ಚರಿಕೆಯನ್ನು ಕರಿಹಲಗೆಯ ಮೇಲೆ ಇಷ್ಟು ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಅಡ್ಡ ಅಕ್ಷದ ಅಳತೆ ಡಿಗ್ರಿಯ ಬದಲು ಕೋನದ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿರುವಾಗ 90 ಡಿಗ್ರಿಯನ್ನು 1.57ರ ಹತ್ತಿರ ಹುಡುಕಬೇಕು. ಇದು ಬೇಗ ರೂಢಿಯಾಗುತ್ತದೆ.

ಆದರೆ ನಕ್ಷೆಗಳು ಕೂಡಿಕೊಂಡ ಮಾತ್ರಕ್ಕೆ ಹೇಳಿಕೆಯ ಸಾಧನೆ (ತರ್ಕಬದ್ಧ ರುಜುವಾತು) ಮುಗಿಯಿತೆಂದು ಯಾರೂ ಭಾವಿಸಬಾರದು. ಟ್ಯಾನ್ x ಮತ್ತು ಕಾಸ್ x ಇವುಗಳ ಗುಣಲಬ್ಧ 90 ಡಿಗ್ರಿಯಲ್ಲಿ, ಟ್ಯಾನ್‌ನ ಛೇದವಾದ ಕಾಸ್ ಸೊನ್ನೆಯಾಗುವುದರಿಂದ, ಅರ್ಥಹೀನವಾದರೂ, ಆ ಒಂದೇ ಬಿಂದುವಿನ ಕೊರತೆ ಗೆರೆಯ ಮೇಲೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಛೇದ ಸೊನ್ನೆಯಾಗುವ ಕೋನಗಳನ್ನು ಮೊದಲೇ ಗುರುತಿಸಿ, ಒಂದು ಭಾಗದಿಂದ ಇನ್ನೊಂದಕ್ಕೆ ಹಂತಹಂತವಾಗಿ ಸಾಗುವ ಕೆಲಸವನ್ನು ಕಾಗದದ ಮೇಲೆಯೇ ಮಾಡಬೇಕು; ಆ ಕೆಲಸಕ್ಕೆ ಕೈಹಾಕುವ ಮುನ್ನ ಹೇಳಿಕೆ ಸರಿಯಿದೆಯೇ ಎಂದು ನೋಡಿಕೊಳ್ಳಲು ಈ ತಂತ್ರಾಂಶ ಬಹಳ ಉಪಯುಕ್ತ.