ಪಾರ್ಕಿನ್ಸನ್ಸ್ ಇರುವವರಿಗೆ ಸೆಟ್ ಹಲ್ಲು ಮಾಡಿಸುವ ಮೊದಲು ಇದನ್ನು ಓದಿ

42 ಸಾವಿರ ಹೋಯಿತು. ಹಲ್ಲು ಡಬ್ಬಿಯಲ್ಲಿದೆ. ಅಪ್ಪ ಗಂಜಿ ಉಣ್ಣುತ್ತಿದ್ದಾರೆ.

ಮಂಗಳೂರಿನದ್ದೇ ಒಂದು ಕ್ಲಿನಿಕ್. ಹೆಸರು ಬರೆಯುವುದಿಲ್ಲ. ಅಪ್ಪನಿಗೆ 74, ಪಾರ್ಕಿನ್ಸನ್ಸ್ ಅನ್ನುವ ನರದ ಕಾಯಿಲೆ ಬಂದು ಆರು ವರ್ಷ. ಕೈ ಮಾತ್ರ ಅಲ್ಲ, ದವಡೆಯೂ ನಡುಗುತ್ತದೆ. ಅದರ ಮಾತ್ರೆ ಸಿಂಡೋಪಾ ತೆಗೆದುಕೊಂಡು ಒಂದು ಗಂಟೆ ಆದರೆ ನಡುಕ ಇಳಿಯುತ್ತದೆ, ಎರಡು ಗಂಟೆ ಚೆನ್ನಾಗಿರುತ್ತಾರೆ. ಆಮೇಲೆ ಮತ್ತೆ ಶುರು. ಇಂಥ ಕಾಯಿಲೆ ಇರುವ ಮನೆಯವರಿಗೆ ಇದು ಗೊತ್ತೇ ಇದೆ. ಸ್ನಾನ, ಊಟ, ವಾಕಿಂಗ್ ಎಲ್ಲ ಮಾತ್ರೆಯ ಲೆಕ್ಕದಲ್ಲೇ ನಡೆಯುತ್ತದೆ.

ಮೊದಲ ದಿನ "ಶುಗರ್ ಉಂಟಾ, ಬಿಪಿ ಉಂಟಾ" ಅಂತ ಕೇಳಿದರು. ನಾನಾಗಿಯೇ ಪಾರ್ಕಿನ್ಸನ್ಸ್ ಅಂದೆ. "ಎಂತ ತೊಂದರೆ ಇಲ್ಲ ಸರ್, ವಯಸ್ಸಾದವರಿಗೆ ತುಂಬಾ ಮಾಡಿದ್ದೇವೆ." ಮಾತ್ರೆ 10ಕ್ಕೆ, ಹಾಗಾಗಿ 11ಕ್ಕೆ ಸಮಯ ಕೊಡಿ ಅಂದೆ. ಬರೆದುಕೊಂಡರು. ಒಳಗೆ ಕರೆದದ್ದು 1.15ಕ್ಕೆ.

ಅಷ್ಟು ಹೊತ್ತಿಗೆ ಅಪ್ಪನ ದವಡೆ ಟಕಟಕ ಅನ್ನುತ್ತಿತ್ತು. ನಾಳೆ ಬರುತ್ತೇವೆ ಅಂದೆ. "ಐದು ನಿಮಿಷದ ಕೆಲಸ ಸರ್." ಅಳತೆಯ ಪೇಸ್ಟ್ ಗಟ್ಟಿಯಾಗುವ ತನಕ ಬಾಯಿ ಅಲುಗಾಡಬಾರದು, ಅಲ್ವಾ? ಅದಕ್ಕೆ ಒಬ್ಬಳು ಹುಡುಗಿ ಗಲ್ಲವನ್ನು ಒತ್ತಿ ಹಿಡಿದಳು! ಕುರ್ಚಿಯನ್ನು ಪೂರಾ ಮಲಗಿಸಿದ್ದರು. ಜೊಲ್ಲು ಗಂಟಲಿಗೆ ಇಳಿದು ಅಪ್ಪನಿಗೆ ಕೆಮ್ಮು, ಕಣ್ಣಲ್ಲಿ ನೀರು. ನಾನು ಪಕ್ಕದಲ್ಲೇ ನಿಂತಿದ್ದೆ. ಸಾಕು ಬಿಡಿ ಅನ್ನಬೇಕಿತ್ತು. ಅನ್ನಲಿಲ್ಲ. ಮೇಲಿನ ಕೆಳಗಿನ ದವಡೆ ಹೊಂದಿಸಲು ಮೇಣ ಕಚ್ಚಿಸುವ ದಿನವೂ ಇದೇ ಕತೆ, ಆಗಲೂ ಸುಮ್ನೆ ನಿಂತೆ.

ಸೆಟ್ ಬಂತು. ಮೇಲಿನದ್ದು ಹೇಗೋ ನಿಲ್ಲುತ್ತದೆ. ಕೆಳಗಿನದ್ದು ಮಾತಾಡಿದರೆ ಏಳುತ್ತದೆ. "ಬೇರೆಯವರ ಚಪ್ಪಲಿ ಹಾಕಿದ ಹಾಗೆ ಆಗ್ತದೆ ಮಗಾ" ಅಂದರು ಅಪ್ಪ. ನಾಲ್ಕು ಸಲ ಹೋದೆವು. ಉಜ್ಜಿ ಕೊಟ್ಟರು, ಅಂಟಿನ ಟ್ಯೂಬ್ ಮಾರಿದರು, "ಒಂದು ತಿಂಗಳಲ್ಲಿ ಅಡ್ಜಸ್ಟ್ ಆಗ್ತದೆ" ಅಂದರು. ಒಂದು ರಾತ್ರಿ ಊಟದ ನಡುವೆ ಕೆಳಗಿನ ಸೆಟ್ ಜಾರಿ ನಾಲಿಗೆಯ ಹಿಂದಕ್ಕೆ ಹೋಯಿತು. ಅಮ್ಮ ಬೆರಳು ಹಾಕಿ ತೆಗೆದರು. ನುಂಗುವುದೇ ನಿಧಾನ ಆಗಿರುವವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದರೆ?

ಮರುದಿನ ಹೋಗಿ ಜಗಳ ಮಾಡಿದೆ. ಡಾಕ್ಟರ್ ಹೇಳಿದ್ದು: "ಪೇಷೆಂಟ್ ಕೋಆಪರೇಟ್ ಮಾಡಬೇಕಲ್ವಾ ಸರ್?" ಆಮೇಲೆ ಫೈಲ್ ತೆರೆದು ಒಂದು ಫಾರ್ಮ್ ತೋರಿಸಿದರು. ನರದ ಕಾಯಿಲೆ ಇದ್ದರೆ ಸೆಟ್ ನಿಲ್ಲುವ ಗ್ಯಾರಂಟಿ ಇಲ್ಲ, ಹಣ ವಾಪಸ್ ಇಲ್ಲ ಅಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಕೆಳಗೆ ನನ್ನ ಸೈನ್.

ನನ್ನದೇ ಸೈನ್! ಸಹಕಾರಿ ಸಂಘದ ಕೌಂಟರಿನಲ್ಲಿ ಕೂತು ದಿನಾ ಜನರಿಗೆ "ಓದಿ ಸೈನ್ ಮಾಡಿ ಮಾರಾಯ್ರೆ" ಅನ್ನುವವನು ನಾನು. ಅಡ್ವಾನ್ಸ್ ಕಟ್ಟುವಾಗ ರಸೀದಿಯ ಜೊತೆ ಕೊಟ್ಟಿದ್ದರು, ರಸೀದಿ ಅಂತಲೇ ಸೈನ್ ಹಾಕಿದ್ದೆ. ಅಂದರೆ ನಿಲ್ಲುವುದು ಕಷ್ಟ ಅಂತ ಅವರಿಗೆ ಮೊದಲೇ ಗೊತ್ತಿತ್ತು. "ಎಂತ ತೊಂದರೆ ಇಲ್ಲ" ಅಂದದ್ದು ಬಾಯಲ್ಲಿ, ತೊಂದರೆ ಉಂಟು ಅಂದದ್ದು ಕಾಗದದಲ್ಲಿ. "ಮೊದಲೇ ಯಾಕೆ ಹೇಳಲಿಲ್ಲ?" ಅಂದೆ. "ನೀವು ಕೇಳಲಿಲ್ಲ ಸರ್. ಬೇಕಾದರೆ ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಇಂಪ್ಲಾಂಟ್ ಹಾಕುವ, ಎರಡು ಲಕ್ಷದೊಳಗೆ ಆಗ್ತದೆ." ಆ ಮಾತು ಕೇಳಿ ನನಗೆ ನಗು ಬಂದುಬಿಟ್ಟಿತು, ಸಿಟ್ಟಿನ ನಗು.

ಈಗ ದೇರಳಕಟ್ಟೆ ಕಡೆಯ ಒಂದು ಡೆಂಟಲ್ ಕಾಲೇಜಿಗೆ ಹೋಗುತ್ತಿದ್ದೇವೆ. ಸೆಟ್ ಹಲ್ಲಿನ ವಿಭಾಗದ ಡಾಕ್ಟರ್ ಮೊದಲು ಕೇಳಿದ್ದೇ ಮಾತ್ರೆಯ ಸಮಯ. ಕೆಳಗಿನ ಸೆಟ್ ನಿಲ್ಲುವುದು ಹೆಚ್ಚಾಗಿ ನಾಲಿಗೆ, ಕೆನ್ನೆಯ ಹಿಡಿತದಿಂದಲೇ, ಈ ಕಾಯಿಲೆಯಲ್ಲಿ ಆ ಹಿಡಿತವೇ ತಪ್ಪುತ್ತದೆ ಅಂದರು. ನಡುಕಕ್ಕೆ ಕೊಡುವ ಪೇಸಿಟೇನ್ ಮಾತ್ರೆಯಿಂದ ಬಾಯಿ ಒಣಗಿದರೆ ಮೇಲಿನದ್ದೂ ಸಡಿಲ ಆಗಬಹುದಂತೆ. ಇಂಪ್ಲಾಂಟ್ ಸುಳ್ಳಲ್ಲ, ಕೆಳಗೆ ಎರಡು ಹಾಕಿ ಸೆಟ್ ಸಿಕ್ಕಿಸಿದರೆ ಚೆನ್ನಾಗಿ ನಿಲ್ಲುತ್ತದೆ ಅಂದರು. ಆದರೆ ಮೊದಲು ನರದ ಡಾಕ್ಟರ ಹತ್ತಿರ ಮಾತಾಡಿ, ಆಮೇಲೆ ನೋಡುವ ಅಂದರು. ಇಷ್ಟು ಹೇಳಲು ಹತ್ತು ನಿಮಿಷ ಸಾಕಾಯಿತು. ಆ ಕ್ಲಿನಿಕ್ಕಿನಲ್ಲಿ ಮೂರು ತಿಂಗಳಲ್ಲಿ ಯಾರೂ ಹೇಳಲಿಲ್ಲ!

ನಿಮ್ಮ ಮನೆಯಲ್ಲೂ ಪಾರ್ಕಿನ್ಸನ್ಸ್ ಇರುವವರು ಇದ್ದರೆ, ಮಾತ್ರೆಯ ಸಮಯ ಹೇಳಿ ಬೆಳಗ್ಗಿನ ಮೊದಲ ಸರದಿಯನ್ನೇ ಕೇಳಿ. ತಡವಾದರೆ ಎದ್ದು ಬನ್ನಿ, ಮುಖದಾಕ್ಷಿಣ್ಯ ಬೇಡ. ಕುರ್ಚಿ ಪೂರಾ ಮಲಗಿಸಲು ಬಿಡಬೇಡಿ. ರಾತ್ರಿ ಸೆಟ್ ತೆಗೆದಿಡಿ. ಆ ಹಾಳು ಫಾರ್ಮ್ ಕೊಟ್ಟರೆ ಕನ್ನಡದಲ್ಲಿ ಓದಿ ಹೇಳಿಸಿ, ಆಮೇಲೆ ಪೆನ್ನು ಮುಟ್ಟಿ.

ರಸೀದಿ ಎಲ್ಲ ತೆಗೆದಿಟ್ಟಿದ್ದೇನೆ. ಗ್ರಾಹಕರ ಆಯೋಗಕ್ಕೆ ಹೋಗುವ ಅಂದರೆ ಅಪ್ಪ ಬೇಡ ಅನ್ನುತ್ತಾರೆ. ಗುರುವಾರ ಹೊಸ ಅಳತೆ. ಮಾತ್ರೆ 8.30ಕ್ಕೆ, ಡಾಕ್ಟರ್ 9.30ಕ್ಕೆ.