ನಾಲ್ಕು ವರ್ಷ ಗಾರ್ಸಿನಾಲ್ ಬಳಸಿದ ಮೇಲೆ

ಬೇಸಿಗೆ ಬಂತೆಂದರೆ ನಮ್ಮ ಮನೆಯಂಗಳದಲ್ಲಿ ಪುನರ್ಪುಳಿ (ಮುರುಗಲು) ಸಿಪ್ಪೆ ಒಣಗುತ್ತಿತ್ತು. ಅದೇ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ರಾಸಾಯನಿಕ ಪುಟ್ಟ ಬಾಟಲಿಯಲ್ಲಿ ಲ್ಯಾಬಿಗೆ ಬಂದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳಿಗೆ ಅಸಿಟೈಲ್ ಗುಂಪು ಅಂಟಿಸುವ ಪಿ300, ಪಿಕ್ಯಾಫ್ ಕಿಣ್ವಗಳನ್ನು ಇದು ತಡೆಯುತ್ತದೆ. 2004ರಲ್ಲಿ ಅದನ್ನು ತೋರಿಸಿದ್ದು ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ತಪಸ್ ಕುಂಡು ಅವರ ತಂಡ. ಅದರ ಹಿಂದಿನ ವರ್ಷ ಅದೇ ತಂಡ ಗೇರುಬೀಜದ ಸಿಪ್ಪೆಯೆಣ್ಣೆಯ ಅನಾಕಾರ್ಡಿಕ್ ಆಮ್ಲದ ಬಗ್ಗೆಯೂ ಬರೆದಿತ್ತು. ಎರಡೂ ಕರಾವಳಿಯ ಸಿಪ್ಪೆಗಳು!

ಹೊಸ ಬಾಟಲಿ ಬಂದ ಬೆಳಿಗ್ಗೆ ನಾನು ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. 5 ಮಿಲಿಗ್ರಾಂಗೆ 829 ಮೈಕ್ರೋಲೀಟರ್ ಡಿಎಂಎಸ್ಒ ಎಂಬ ದ್ರಾವಕ ಹಾಕಿದರೆ 10 ಮಿಲಿಮೋಲಾರ್ ದ್ರಾವಣ. ತಳದ ಹಳದಿ ಪುಡಿ ಕರಗಿ ತಿಳಿಯಾಗುವವರೆಗೆ ಕಾಯುತ್ತೇನೆ. ಆಮೇಲೆ 20 ಮೈಕ್ರೋಲೀಟರ್‌ನಂತೆ 41 ಟ್ಯೂಬ್. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡುವುದಿಲ್ಲ. ಡಿಎಂಎಸ್ಒ ಸುಮಾರು 18 ಡಿಗ್ರಿಗೇ ಗಟ್ಟಿಯಾಗುತ್ತದೆ. ಎಸಿ ಜೋರಾಗಿದ್ದರೆ ಬೆಂಚಿನ ಮೇಲಿಟ್ಟ ಟ್ಯೂಬ್ ಕರಗುವುದೇ ಇಲ್ಲ. ಮುಷ್ಟಿಯಲ್ಲಿ ಹಿಡಿದು ಕೂರುತ್ತೇನೆ. ಬೆರಳು ಬಿಡಿಸಿದಾಗ ತುದಿಯಲ್ಲಿ ಒಂದು ಹಳದಿ ಹನಿ. ಅದನ್ನು ನೋಡುವುದು ಇವತ್ತಿಗೂ ನನಗಿಷ್ಟ.

ಮೊದಲ ವರ್ಷ ಖುಷಿಯೋ ಖುಷಿ. ಹೀಲಾ ಎಂಬ ಮನುಷ್ಯರ ಕ್ಯಾನ್ಸರ್ ಕೋಶಗಳಿಗೆ 20 ಮೈಕ್ರೋಮೋಲಾರ್ ಹಾಕಿ ಮರುದಿನ ಬ್ಲಾಟ್ (ಪ್ರೋಟೀನನ್ನು ಗೆರೆಯಾಗಿ ತೋರಿಸುವ ಪರೀಕ್ಷೆ) ಮಾಡಿದರೆ ಅಸಿಟೈಲ್ ಎಚ್3, ಅಂದರೆ ಅಸಿಟೈಲ್ ಅಂಟಿದ ಹಿಸ್ಟೋನ್‌ನ ಗೆರೆ ಚೆನ್ನಾಗಿ ಮಸುಕಾಗಿರುತ್ತಿತ್ತು. ಒಂದು ದಿನ ಸುಮ್ನೆ ಕೋಶಗಳ ಡಿಶ್ ಅನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅರ್ಧಕ್ಕಿಂತ ಜಾಸ್ತಿ ಕೋಶಗಳು ಉರುಟಾಗಿ ತೇಲುತ್ತಿದ್ದವು. ಎದೆ ಧಸಕ್ಕೆಂದಿತು. ಅಸಿಟೈಲೇಷನ್ ಇಳಿದದ್ದಕ್ಕೆ ಕೋಶ ಸತ್ತಿತೋ, ಕೋಶ ಸಾಯುತ್ತಿದ್ದುದಕ್ಕೆ ಅಸಿಟೈಲೇಷನ್ ಇಳಿಯಿತೋ? ನನ್ನ ಬ್ಲಾಟ್‌ಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಎಂಟು ತಿಂಗಳ ಕೆಲಸ ಮತ್ತೆ ಮಾಡಬೇಕಾಯಿತು.

ಗಾರ್ಸಿನಾಲ್ ಕೋಶಗಳನ್ನು ಸಾಯಿಸುತ್ತದೆ ಎಂದು ಆ 2004ರ ಲೇಖನದಲ್ಲೇ ಇತ್ತು. ನಾನು ಓದಿಯೂ ಇದ್ದೆ. ಇದು ಒಳ್ಳೆಯ ಆಂಟಿಆಕ್ಸಿಡೆಂಟ್ ಕೂಡ. ಹಾಗಾಗಿ ಕೋಶದೊಳಗೆ ಹೋದ ಮೇಲೆ ಒಂದೇ ಕೆಲಸ ಮಾಡಿಕೊಂಡಿರುತ್ತದೆ ಎಂದು ನಂಬುವಂತಿಲ್ಲ. ಅದೇ ತಂಡ 2007ರಲ್ಲಿ ಇದರ ರಚನೆಯನ್ನೇ ತಿದ್ದಿ, ಪಿ300 ಅನ್ನು ಮಾತ್ರ ತಡೆಯುವ ಎಲ್‌ಟಿಕೆ-14 ಮಾಡಿದ್ದು ಯಾಕೆ ಎಂದು ನನಗೆ ಆಮೇಲೆ ಅರ್ಥವಾಯಿತು.

ಈಗ ಕೋಶಗಳನ್ನು ಗಾರ್ಸಿನಾಲ್‌ನಲ್ಲಿ ಆರು ಗಂಟೆಗಿಂತ ಹೆಚ್ಚು ಹೊತ್ತು ಇಡುವುದಿಲ್ಲ. ಪ್ರತಿ ಸಲ ಪಕ್ಕದ ಡಿಶ್‌ನಲ್ಲಿ ಸತ್ತ ಕೋಶಗಳನ್ನು ಎಣಿಸುತ್ತೇನೆ. ಲೇಖನದ ಮುಖ್ಯ ಚಿತ್ರಗಳಿಗೆ 2017ರಲ್ಲಿ ಬಂದ ಎ-485 ಎಂಬ ಬೇರೆ ತಡೆಕಾರಕ ಬಳಸುತ್ತೇನೆ. ಅದು ನ್ಯಾನೋಮೋಲಾರ್ ಮಟ್ಟದಲ್ಲೇ ಪಿ300 ಅನ್ನು ಹಿಡಿಯುತ್ತದೆ. ನಮ್ಮ ಗ್ರಾಂಟಿನಲ್ಲಿ ಅದನ್ನು ಧಾರಾಳವಾಗಿ ಸುರಿಯಲು ಆಗುವುದಿಲ್ಲ ಅಷ್ಟೆ.

ಶುದ್ಧ ಕಿಣ್ವದ ಪ್ರಯೋಗಕ್ಕಾದರೆ ಗಾರ್ಸಿನಾಲ್ ಧೈರ್ಯವಾಗಿ ತರಿಸಿ. ಅಲ್ಲಿ ಸಾಯಲು ಕೋಶವೇ ಇರುವುದಿಲ್ಲ, ಅಲ್ವಾ? ಹೊಸ ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದೂ ಇದರಲ್ಲೇ. ಹೋದ ವಾರ ಕುಮಟಾದ ಹುಡುಗಿಯೊಬ್ಬಳು ಟ್ಯೂಬನ್ನು ಬೆಳಕಿಗೆ ಹಿಡಿದು, "ಇದು ನಮ್ಮ ಮುರುಗಲು ಹಣ್ಣಿನದ್ದಾ?" ಎಂದು ಕೇಳಿದಳು. ಹೌದು ಎಂದೆ. ಮೊದಲು ಡಿಶ್ ನೋಡು, ಆಮೇಲೆ ಬ್ಲಾಟ್ ಮಾಡು ಎಂದೂ ಹೇಳಿದೆ.